ಮೂರು ಮಳೆಗಾಲದ ರೈನ್‌ಕೋಟ್: ನೀರಿಗೆ ಒಳ್ಳೆಯದು, ನಂತೂರು ಸರ್ಕಲ್ಲಿಗೆ ಅಲ್ಲ

ಬಟ್ಟೆ ಯಾವುದು, ಎಷ್ಟು ಪದರ ಅನ್ನುವುದೆಲ್ಲ ಪ್ಯಾಕೆಟ್ ಮೇಲೆಯೇ ಇದೆ, ಬಿಡಿ. 1,800 ರೂಪಾಯಿ ಕೊಟ್ಟೆ, ಮನೆಯಲ್ಲಿ ಬೈಸಿಕೊಂಡೆ. ದಿನಾ ತೊಕ್ಕೊಟ್ಟಿನಿಂದ ಕೊಟ್ಟಾರ ಚೌಕಿಗೆ ಸ್ಕೂಟರಿನಲ್ಲಿ ಹೋಗುವವನು ನಾನು. ಹೆಚ್ಚುಕಡಿಮೆ 12 ಕಿಲೋಮೀಟರ್, ಪೂರಾ ಹೆದ್ದಾರಿ 66ರಲ್ಲೇ. ಮಂಗಳೂರಿನ ಮಳೆಗೆ 300 ರೂಪಾಯಿಯ ಕೋಟು ಒಂದು ತಿಂಗಳೂ ಬಾಳುವುದಿಲ್ಲ, ಅಲ್ವಾ?

ನೀರು ತಡೆಯುವುದರಲ್ಲಿ ದೂರಿಲ್ಲ. ನೇತ್ರಾವತಿ ಸೇತುವೆ ಮೇಲೆ ಮಳೆ ಅಡ್ಡ ಹೊಡೆದರೂ, ಲಾರಿ ಕೆಸರು ಎರಚಿದರೂ ಅಂಗಿ ಒದ್ದೆಯಾಗಿಲ್ಲ. ಎರಡನೇ ವರ್ಷದಿಂದ ಪ್ಯಾಂಟಿನ ಹೊಲಿಗೆಯಲ್ಲಿ ಸ್ವಲ್ಪ ಜಿನುಗುತ್ತದೆ. ಅದು ಎಲ್ಲ ರೈನ್‌ಕೋಟಿನ ಹಣೆಬರಹ.

ನನ್ನ ತಕರಾರು ಟೋಪಿಯದು. ಕೋಟಿಗೇ ಹೊಲಿದಿದ್ದಾರೆ. ಹೆಲ್ಮೆಟ್ ಒಳಗೆ ಹಾಕಿಕೊಂಡು ಪಕ್ಕಕ್ಕೆ ನೋಡಿದರೆ ತಲೆ ತಿರುಗುತ್ತದೆ, ಟೋಪಿ ತಿರುಗುವುದಿಲ್ಲ. ನೇರ ರಸ್ತೆಯಲ್ಲಿ ಗೊತ್ತೇ ಆಗದು. ನಾಲ್ಕು ಕಡೆಯ ರಸ್ತೆ ಸೇರುವ ನಂತೂರಿನಲ್ಲಿ ಬಲಗಡೆ ಕುಲಶೇಖರದ ಕಡೆಯಿಂದ ಮೂಡುಬಿದಿರೆ ಬಸ್ಸು ಬರುತ್ತದೆ, ಎಡಗಡೆ ಮಲ್ಲಿಕಟ್ಟೆಯ ಕಾರುಗಳು ನುಗ್ಗುತ್ತವೆ, ಟೈಮಿಂಗ್ ತಪ್ಪಿದ ಸಿಟಿ ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ವಿಸಿಲ್ ಊದುತ್ತಾನೆ, ನಾನು ಬಲಕ್ಕೆ ತಿರುಗಿ ನೋಡಿದರೆ ಕಾಣುವುದು ಟೋಪಿಯ ಒಳಗಿನ ಕಪ್ಪು ಬಟ್ಟೆ! ಒಮ್ಮೆ ಬಸ್ಸೊಂದು ಕನ್ನಡಿ ಸವರಿಕೊಂಡೇ ಹೋಯಿತು. ಅಂಗಡಿಯವರಿಗೆ ಹೇಳಿದರೆ "ಸ್ವಲ್ಪ ಹಿಂದೆ ಎಳೆದುಕೊಳ್ಳಿ ಮಾರಾಯ್ರೆ" ಅಂದರು. ಡಿಸಿ ಶಾಲೆಗಳಿಗೆ ರಜೆ ಕೊಟ್ಟ ದಿನ ಮಾತ್ರ ತೊಂದರೆಯಿಲ್ಲ. ಅಂದು ವ್ಯಾನುಗಳೂ ಇಲ್ಲ, ಮಕ್ಕಳನ್ನು ಬಿಡುವ ಕಾರುಗಳೂ ಇಲ್ಲ, ನಲವತ್ತು ನಿಮಿಷದ ದಾರಿ ಇಪ್ಪತ್ತೈದಕ್ಕೆ ಮುಗಿಯುತ್ತದೆ.

ಆದರೂ ಬಿಸಾಡಲು ಮನಸ್ಸು ಬರಲಿಲ್ಲ. ಕಾರಣ ಪಂಪ್‌ವೆಲ್. ವರ್ಷಗಟ್ಟಲೆ ಕಾಯಿಸಿ 2020ರಲ್ಲಿ ತೆರೆದ ಮೇಲ್ಸೇತುವೆ ಅದು. ಬೈಕಿನವರಿಗೆ ಅದರ ಮೇಲಿಗಿಂತ ಅಡಿಯೇ ಜಾಸ್ತಿ ಉಪಯೋಗ. ಹನಿ ಬಿದ್ದದ್ದೇ ತಡ, ಇಪ್ಪತ್ತು ಬೈಕುಗಳು ಅಲ್ಲಿ ನಿಂತುಬಿಡುತ್ತವೆ. ಎಲ್ಲರೂ ಒಂಟಿಕಾಲಲ್ಲಿ ಕುಣಿಯುತ್ತಾ ಪ್ಯಾಂಟು ಏರಿಸುತ್ತಿರುತ್ತಾರೆ. ದಾರಿ ಕಟ್ಟಿ, ಹಿಂದೆ ಬಸ್ಸು ಹಾರ್ನ್ ಹೊಡೆಯುತ್ತಿರುತ್ತದೆ. ನನ್ನ ಪ್ಯಾಂಟಿಗೆ ಮೊಣಕಾಲಿನಿಂದ ಕೆಳಗೆ ಜಿಪ್ಪಿದೆ, ಶೂ ಬಿಚ್ಚಬೇಕಾಗಿಲ್ಲ. ಒಂದು ನಿಮಿಷದಲ್ಲಿ ಹೊರಟುಬಿಡುತ್ತೇನೆ. ಉಳಿದವರು ನೋಡುವಾಗ, ಸುಳ್ಳು ಯಾಕೆ, ಖುಷಿಯಾಗುತ್ತದೆ. ನಂತೂರು ತಲುಪುವಾಗ ಮಳೆ ನಿಂತಿರುತ್ತದೆ, ಅದು ಬೇರೆ ಮಾತು.

ಈ ವರ್ಷ ಹೊಸದಕ್ಕೆ ದುಡ್ಡಿಲ್ಲ. ಅಮ್ಮನ ಕತ್ತರಿಯಿಂದ ಟೋಪಿ ಕತ್ತರಿಸಿ, ಕುತ್ತಿಗೆಗೆ ಹಳೆ ಬೈರಾಸು (ಟವೆಲ್) ಸುತ್ತಿಕೊಂಡು ಹೋಗುತ್ತಿದ್ದೇನೆ. ಬೆನ್ನಿಗೆ ನೀರಿಳಿಯುತ್ತದೆ. ಬಸ್ಸು ಕಾಣುತ್ತದೆ.