ಕುಕೀಕನ್ಸೆಂಟ್ ಲೈಬ್ರರಿ: ‘ಬೇಡ’ ಅಂದರೆ ಬೇಡವೇ

ಯುರೋಪಿನ ಗ್ರಾಹಕರಿಗೆ ವೆಬ್ ಆ್ಯಪ್ ಕಟ್ಟಿಕೊಡುವುದು ನನ್ನ ಕೆಲಸ. ಕುಕೀಗಳನ್ನು (ತಾಣಗಳು ಬ್ರೌಸರ್‌ನಲ್ಲಿ ಇಡುವ ಪುಟ್ಟ ಗುರುತುಗಳು) ಇಡಲು ಒಪ್ಪಿಗೆ ಕೇಳುವ ಬ್ಯಾನರ್‌ಗಾಗಿ ಮೊದಲು ತಿಂಗಳ ಚಂದಾದ ಸೇವೆಯೊಂದನ್ನು ಬಳಸುತ್ತಿದ್ದೆ. ಓದುಗರು ಹೆಚ್ಚಿದಂತೆ ಬಿಲ್ಲೂ ಏರುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು; ‘ಒಪ್ಪಿದೆ’ ಬಟನ್ ಮಾತ್ರ ಕಣ್ಣಿಗೆ ಹೊಡೆಯುವಂತಿಟ್ಟು, ನಿರಾಕರಣೆಯನ್ನು ಎರಡನೇ ಪರದೆಯಲ್ಲಿ ಬಚ್ಚಿಟ್ಟಿದ್ದು ಸಹಿಸಲಾಗಲಿಲ್ಲ. ಒಪ್ಪಿದಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸಿನ ಖಾಸಗಿ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಪ್ರಕಟಿಸಿದ ಮೇಲೂ ಅದನ್ನೇ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ.

ಹಾಗೆ ಬಂದದ್ದು ಕುಕೀಕನ್ಸೆಂಟ್ ಎಂಬ ಈ ಉಚಿತ, ಮುಕ್ತ ಆಕರದ ಲೈಬ್ರರಿಗೆ (ತಾಣಕ್ಕೆ ಸೇರಿಸಿಕೊಳ್ಳುವ ಸಿದ್ಧ ಕೋಡ್). ‘ಒಪ್ಪಿದೆ’, ‘ಬೇಡ’ ಎರಡೂ ಬಟನ್‌ಗಳು ಒಂದೇ ಅಳತೆ, ಒಂದೇ ಬಣ್ಣದಲ್ಲಿ ಪಕ್ಕಪಕ್ಕ ಕೂರುತ್ತವೆ. ಪುಟಕ್ಕೆ ಕೋಡ್ ಸೇರಿಸುವ ಸ್ಕ್ರಿಪ್ಟ್ ಟ್ಯಾಗ್‌ನ ಟೈಪ್ ‘ಟೆಕ್ಸ್ಟ್/ಪ್ಲೇನ್’ (ಬರೀ ಪಠ್ಯ) ಮಾಡಿ ಅದು ಅನಲಿಟಿಕ್ಸ್‌ನಂಥ ಯಾವ ವರ್ಗಕ್ಕೆ ಸೇರಿದ್ದೆಂದು ಬರೆದರೆ, ಒಪ್ಪಿಗೆ ಸಿಗುವವರೆಗೂ ಬ್ರೌಸರ್ ಅದನ್ನು ಓಡಿಸುವುದೇ ಇಲ್ಲ. ಬ್ಯಾನರ್ ತೋರಿಸುತ್ತಲೇ ಹಿನ್ನೆಲೆಯಲ್ಲಿ ಅನಲಿಟಿಕ್ಸ್ (ಓದುಗರ ಓಡಾಟ ಅಳೆಯುವ ಕೋಡ್) ಓಡಿಸುವ ತಾಣಗಳನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ಈ ಗುಣ ನನಗೆ ಬಹಳ ಹಿಡಿಸಿತು.

ಪ್ರತಿ ಬಿಡುಗಡೆಗೆ ಮುಂಚೆ ಒಂದು ಕ್ರಮ ತಪ್ಪಿಸುವುದಿಲ್ಲ. ಹೊಸ ಪ್ರೈವೇಟ್ ವಿಂಡೋ ತೆರೆದು, ಬ್ರೌಸರ್‌ನೊಳಗಿನ ಪರೀಕ್ಷಾ ಸಾಧನವಾದ ಡೆವ್‌ಟೂಲ್ಸ್‌ನ ಅಪ್ಲಿಕೇಶನ್ ಟ್ಯಾಬ್‌ನಲ್ಲಿ ಕುಕೀ ಪಟ್ಟಿ ನೋಡುತ್ತೇನೆ. ಏನೂ ಒತ್ತುವ ಮುಂಚೆ ಅಲ್ಲಿ ಸೆಷನ್ ಕುಕೀ ಒಂದೇ ಇರಬೇಕು. ಲಾಗಿನ್‌ಗೆ ಅಗತ್ಯವಾದ್ದರಿಂದ ಅದಕ್ಕೆ ಒಪ್ಪಿಗೆ ಬೇಕಿಲ್ಲ. ‘ಬೇಡ’ ಒತ್ತಿ ಲಾಗಿನ್, ಕಾರ್ಟ್, ವೀಡಿಯೊ ಪುಟಗಳನ್ನೆಲ್ಲ ಸುತ್ತಿ ಬರುತ್ತೇನೆ. ಆಮೇಲೆ ಫೂಟರ್‌ನ ಲಿಂಕ್‌ನಿಂದ ಒಪ್ಪಿ, ಮತ್ತೆ ಹಿಂತೆಗೆದುಕೊಳ್ಳುತ್ತೇನೆ. ಅನಲಿಟಿಕ್ಸ್ ಕುಕೀಗಳು ಪಟ್ಟಿಯಿಂದ ಒಂದೊಂದಾಗಿ ಅಳಿಸಿಹೋಗುವುದನ್ನು ನೋಡುವುದು ಆ ದಿನದ ಅತ್ಯಂತ ಖುಷಿಯ ಕೆಲಸ.

ಬಳಸುತ್ತಾ ಹೋದಂತೆ ಕೊರತೆಯೂ ಕಂಡಿತು. ಒಪ್ಪಿಗೆ ಪಡೆದದ್ದನ್ನು ತೋರಿಸಿಕೊಡುವ ಹೊಣೆ ಯುರೋಪಿನ ಮಾಹಿತಿ ರಕ್ಷಣಾ ಕಾನೂನಾದ ಜಿಡಿಪಿಆರ್‌ನ 7ನೇ ವಿಧಿಯ ಪ್ರಕಾರ ತಾಣ ನಡೆಸುವವರದ್ದು. ಈ ಲೈಬ್ರರಿ ಆಯ್ಕೆಯನ್ನು ಬಳಕೆದಾರರ ಬ್ರೌಸರ್‌ನಲ್ಲಷ್ಟೇ ಇಡುತ್ತದೆ. ಒಪ್ಪಿಗೆಯ ಐಡಿ, ಸಮಯ, ವರ್ಗಗಳನ್ನು ನಮ್ಮ ಸರ್ವರ್‌ಗೆ ಕಳಿಸಿ ದಾಖಲಿಸುವ ಕೋಡ್ ನಾವೇ ಬರೆಯಬೇಕು. ತಾಣದಲ್ಲಿ ಯಾವ ಕುಕೀಗಳಿವೆ ಎಂದು ಅದು ಹುಡುಕಿಯೂ ಕೊಡುವುದಿಲ್ಲ. ಮಾರ್ಕೆಟಿಂಗ್‌ನವರು ಟ್ಯಾಗ್ ಮ್ಯಾನೇಜರ್‌ನಲ್ಲಿ (ಆ್ಯಪ್‌ನ ಕೋಡ್ ಮುಟ್ಟದೆ ಸ್ಕ್ರಿಪ್ಟ್ ಸೇರಿಸುವ ಸಾಧನ) ಸದ್ದಿಲ್ಲದೆ ಹೊಸ ಪಿಕ್ಸೆಲ್, ಅಂದರೆ ಓದುಗರ ಜಾಡು ಹಿಡಿಯುವ ತುಣುಕು, ಸೇರಿಸಿದರೆ ನಮ್ಮ ಪಟ್ಟಿ ಅಂದೇ ಹಳೆಯದಾಯಿತು. ದೊಡ್ಡ ತಂಡದಲ್ಲಿ ಇದು ನಿಜವಾದ ತಲೆನೋವು, ಇದಕ್ಕೊಂದು ಅಂಕ ಕಳೆಯಲೇಬೇಕು.

ಆ ಹೊಸ ಪಿಕ್ಸೆಲ್ ಪಟ್ಟಿಗೆ ಸೇರಿದ ಮೇಲಿನ ದಾರಿ ಮಾತ್ರ ಸಲೀಸು: ಲೈಬ್ರರಿಯ ಸೆಟ್ಟಿಂಗ್ ಕಡತದಲ್ಲಿ ರಿವಿಷನ್ (ಆವೃತ್ತಿ) ಸಂಖ್ಯೆ ಒಂದು ಏರಿಸಿದರೆ ಸಾಕು, ಹಿಂದೆ ಒಪ್ಪಿದವರನ್ನೂ ಮತ್ತೆ ಕೇಳುತ್ತದೆ.

ನನ್ನಂತೆ ಕಡಿಮೆ ಬಜೆಟ್‌ನಲ್ಲಿ, ಕೋಡ್ ತಾವೇ ಬರೆದು ಆ್ಯಪ್ ನಡೆಸುವವರು ಕಣ್ಣುಮುಚ್ಚಿ ಹಾಕಿಕೊಳ್ಳಬಹುದು. ಯುರೋಪಿನ ಓದುಗರಿಗೆ ಗೂಗಲ್‌ನ ಆ್ಯಡ್‌ಸೆನ್ಸ್ ಜಾಹೀರಾತು ತೋರಿಸುವ ತಾಣಗಳಿಗೆ ಇದು ಸಾಲದು: 2024ರ ಜನವರಿಯಿಂದ ಅಲ್ಲಿಗೆ ಗೂಗಲ್ ಪ್ರಮಾಣೀಕರಿಸಿದ ಒಪ್ಪಿಗೆ ವ್ಯವಸ್ಥೆಯೇ ಬೇಕು.