ಹಳೇ ವೆಬ್‌ಕ್ಯಾಮ್: ವಿಂಡೋಸ್‌ನಲ್ಲಿ ಡ್ರೈವರ್ ಹುಡುಕುವುದಾ, ಲಿನಕ್ಸ್‌ಗೆ ಹೋಗುವುದಾ?

ಮೊದಲು ಏನನ್ನೂ ಇನ್‌ಸ್ಟಾಲ್ ಮಾಡದೆ ಕ್ಯಾಮೆರಾ ಸಿಕ್ಕಿಸಿ ನೋಡಿ. ಯುಎಸ್‌ಬಿ ಕ್ಯಾಮೆರಾಗಳಿಗೆಲ್ಲ ಒಂದೇ ಪದ್ಧತಿ ಇರಲಿ ಅಂತ 2003ರಲ್ಲಿ ಬಂದ ಯುವಿಸಿ ಮಾನದಂಡಕ್ಕೆ ಹೊಂದುವಂಥದ್ದಾದರೆ ಎರಡೂ ಕಡೆ ಡ್ರೈವರ್ (ಕ್ಯಾಮೆರಾ ನಡೆಸುವ ಸಾಫ್ಟ್‌ವೇರ್) ಸಿಸ್ಟಮ್ ಒಳಗೇ ಇರುತ್ತದೆ. ಸಿಡಿ ಹುಡುಕುವ ಕೆಲಸವೇ ಇಲ್ಲ.

ಅದಕ್ಕೂ ಹಳೆಯದಾ? ಆಗ ತೊಡಕು ಜಾಸ್ತಿ. ವಿಂಡೋಸ್‌ಗೆ ಆ ಕಂಪನಿಯ ಡ್ರೈವರ್ರೇ ಬೇಕು. ಎಕ್ಸ್‌ಪಿ ಕಾಲದ ಡ್ರೈವರ್‌ಗಳು ಬಹುಪಾಲು 32 ಬಿಟ್‌ನವು. 64 ಬಿಟ್ ವಿಂಡೋಸ್ ಅವನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ವಿಂಡೋಸ್ 11 ಅಂತೂ 64 ಬಿಟ್‌ನಲ್ಲಿ ಮಾತ್ರ ಸಿಗುತ್ತದೆ. ಕಂಪ್ಯಾಟಿಬಿಲಿಟಿ ಮೋಡ್ (ಹಳೇ ವಿಂಡೋಸ್‌ನಂತೆ ನಟಿಸುವ ಸೆಟ್ಟಿಂಗ್) ಹಾಕಿದರೆ ಸರಿಹೋಗುತ್ತೆ ಅನ್ನುವವರಿದ್ದಾರೆ. ಅದು ಇನ್‌ಸ್ಟಾಲರನ್ನು ಒಪ್ಪಿಸಬಹುದು, ಡ್ರೈವರನ್ನು ಬದಲಿಸುವುದಿಲ್ಲ. ನಾನೂ ಒಂದು ಸಂಜೆ ಸುಮ್ನೆ ಹಾಳು ಮಾಡಿಕೊಂಡೆ.

ಲಿನಕ್ಸ್‌ನಲ್ಲಿ ಜಿಎಸ್‌ಪಿಸಿಎ ಎಂಬ ಡ್ರೈವರ್ ಗುಂಪು 2008ರಿಂದ ಕರ್ನಲ್‌ನಲ್ಲೇ, ಅಂದರೆ ಸಿಸ್ಟಮ್‌ನ ತಿರುಳಲ್ಲೇ ಇದೆ. ಯುವಿಸಿ ಅಲ್ಲದ ಹಳೇ ಚಿಪ್‌ಗಳು ಎಷ್ಟೋ ಇದರಲ್ಲಿ ಓಡುತ್ತವೆ. ಇನ್‌ಸ್ಟಾಲ್ ಮಾಡಬೇಕಿಲ್ಲ, ಲೈವ್ ಯುಎಸ್‌ಬಿಯಿಂದ (ಲಿನಕ್ಸ್ ನೇರ ಓಡುವ ಪೆನ್‌ಡ್ರೈವ್) ಬೂಟ್ ಮಾಡಿ ನೋಡಿದರೆ ಸಾಕು. ಆದರೆ ಮೈಕ್, ಫೋಟೋ ಬಟನ್ ಕೈಕೊಡಬಹುದು.

ವಿಂಡೋಸ್ ಬಿಡಲಾಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ಐಡಿ (ಕ್ಯಾಮೆರಾದ ಗುರುತಿನ ಸಂಕೇತ) ನೋಡಿ, ಅದರ ಮೇಲೆ 64 ಬಿಟ್ ಡ್ರೈವರ್ ಹುಡುಕಿ. ಕಂಪನಿಯ ತಾಣದಲ್ಲಿ ಸಿಗದಿದ್ದರೆ, ಅಪರಿಚಿತ ಡ್ರೈವರ್ ತಾಣಗಳಿಗಿಂತ ಹೊಸ ಕ್ಯಾಮೆರಾನೇ ವಾಸಿ ಅಲ್ವಾ?