ಬಾಡಿಗೆ ಮನೆಯ ಹೂಡಿಕೆ ಕುರಿತ ಎರಡು ದಿನಗಳ ತರಗತಿ: ಮೊದಲ ದಿನ ಚಿನ್ನದಂಥದ್ದು, ಎರಡನೆಯ ದಿನ ಅಷ್ಟಕ್ಕಷ್ಟೇ

ನಿವೃತ್ತಿಯ ಹಣದಲ್ಲಿ ಮನೆಯೊಂದನ್ನು ಕೊಂಡು ಬಾಡಿಗೆಗೆ ಕೊಡುವ ಯೋಚನೆಯಲ್ಲಿದ್ದ ನಾನು, ಬೆಂಗಳೂರಿನ ಜಯನಗರದಲ್ಲಿ ನಡೆದ ಎರಡು ದಿನಗಳ ತರಗತಿಗೆ 2,500 ರೂಪಾಯಿ ಕಟ್ಟಿ ಸೇರಿದ್ದೆ. ಮೊದಲ ದಿನ ಬೆಳಗಿನ ಅವಧಿಯೊಂದೇ ಕೊಟ್ಟ ಹಣಕ್ಕೆ ಸಾಕೆನಿಸಿತು.

ಬೋಧಕರು ಹಲಗೆಯ ಮೇಲೆ ಒಂದೇ ಲೆಕ್ಕ ಬರೆದರು: 80 ಲಕ್ಷದ ಫ್ಲ್ಯಾಟು, ತಿಂಗಳಿಗೆ 25,000 ಬಾಡಿಗೆ. ವರ್ಷಕ್ಕೆ ಮೂರು ಲಕ್ಷ, ಅಂದರೆ ಶೇ 3.75 ಎಂದು ನಾವೆಲ್ಲ ಉತ್ಸಾಹದಿಂದ ಹೇಳಿದೆವು. ಆಮೇಲೆ ಅವರು ಒಂದೊಂದಾಗಿ ಕಳೆಯತೊಡಗಿದರು. ಬಾಡಿಗೆದಾರರು ಬದಲಾಗುವಾಗ ಮನೆ ಖಾಲಿ ಬೀಳುವ ಒಂದು ತಿಂಗಳಿಗೆ 25,000, ಮಾಲೀಕರೇ ಕಟ್ಟುವ ಮೇಂಟೆನೆನ್ಸ್ 36,000, ಆಸ್ತಿ ತೆರಿಗೆ 8,000, ಸಣ್ಣಪುಟ್ಟ ರಿಪೇರಿ 15,000, ಉಳಿದದ್ದು 2,16,000. ಇತ್ತ ಮುದ್ರಾಂಕ ಶುಲ್ಕ ಮತ್ತು ನೋಂದಣಿಗೆ ಸುಮಾರು ಆರು ಲಕ್ಷ, ಕಪಾಟು, ಅಡುಗೆಮನೆ ಕೆಲಸಕ್ಕೆ ಐದು ಲಕ್ಷ ಸೇರಿ ಹೂಡಿಕೆ 91 ಲಕ್ಷಕ್ಕೇರಿತ್ತು. ಗಳಿಕೆ ಶೇ 2.4ಕ್ಕೆ ಇಳಿಯಿತು. 60 ಲಕ್ಷ ಸಾಲವನ್ನು ಶೇ 8.5ರ ಬಡ್ಡಿಗೆ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 52,000. ಬಾಡಿಗೆ ಅದರ ಅರ್ಧಕ್ಕೂ ಸಾಲದು. ‘ಹಾಗಾದರೆ ಬೆಲೆ ಏರಿದರೆ ಮಾತ್ರ ಲಾಭವೇ ಸಾರ್?’ ಎಂದು ಪಕ್ಕದಲ್ಲಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಕೇಳಿದಾಗ, ‘ಬಹುಪಾಲು ಹಾಗೇ ಮೇಡಂ’ ಎಂದು ಅವರು ನೇರವಾಗಿ ಒಪ್ಪಿಕೊಂಡದ್ದು ನನಗೆ ಹಿಡಿಸಿತು.

ಅಡ್ವಾನ್ಸ್ ಹಣ ಆದಾಯವಲ್ಲ, ಹಿಂತಿರುಗಿಸಬೇಕಾದ ಸಾಲ ಎಂಬುದನ್ನೂ, 11 ತಿಂಗಳ ಕರಾರಿನ ಹಿಂದೆ 1908ರ ನೋಂದಣಿ ಕಾಯ್ದೆ ಇರುವುದನ್ನೂ ಮಧ್ಯಾಹ್ನ ಚೆನ್ನಾಗಿ ವಿವರಿಸಿದರು.

ಎರಡನೆಯ ದಿನದ ತೆರಿಗೆ ಪಾಠದಲ್ಲಿ ಮಾಲೀಕರು ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದ ಮೇಲೆ ಉಳಿಯುವ ಬಾಡಿಗೆಯಲ್ಲಿ ಶೇ 30ರಷ್ಟು ವಿನಾಯಿತಿ ಸಿಗುತ್ತದೆ, ಸಾಲದ ಬಡ್ಡಿಯನ್ನೂ ಕಳೆಯಬಹುದು ಎಂದರು. ಅಷ್ಟು ಸರಿ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆಯ ನಷ್ಟವನ್ನು, ಅಂದರೆ ಬಡ್ಡಿ ಬಾಡಿಗೆಯನ್ನು ಮೀರಿದಾಗ ಬೀಳುವ ಕೊರತೆಯನ್ನು, ವರ್ಷಕ್ಕೆ ಎರಡು ಲಕ್ಷದವರೆಗೆ ಸಂಬಳದ ಆದಾಯದಲ್ಲಿ ಕಳೆಯಲು ಅವಕಾಶವಿದ್ದು, ಹೊಸ ಪದ್ಧತಿಯಲ್ಲಿ ಅದು ಇಲ್ಲವೆಂಬ ಮಾತನ್ನು ನಾನು ಕೇಳುವವರೆಗೂ ಎತ್ತಲಿಲ್ಲ. ತೆರಿಗೆ ಉಳಿಯುತ್ತದೆಂದು ನಂಬಿ ಸಾಲ ಮಾಡುವವರಿಗೆ ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೇನಿದೆ? ಪಾಲಿಕೆಯ ಆಸ್ತಿ ದಾಖಲೆಗಳಾದ ಎ ಖಾತಾ, ಬಿ ಖಾತಾ, ಆಸ್ತಿಯ ಮೇಲೆ ಸಾಲವಿದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ ಇವೆಲ್ಲವೂ ಹತ್ತೇ ನಿಮಿಷಕ್ಕೆ ಮುಗಿದುಹೋದವು. ಕೊನೆಯ ಒಂದು ಗಂಟೆಯನ್ನು ಬಿಲ್ಡರೊಬ್ಬರ ಹೊಸ ಅಪಾರ್ಟ್‌ಮೆಂಟಿನ ಪ್ರಚಾರಕ್ಕೆ ಬಿಟ್ಟುಕೊಟ್ಟದ್ದಂತೂ ಬೇಸರ ತಂದಿತು. ಹಂಚಿದ ಬಣ್ಣದ ಕಾಗದದ ಹಿಂಬದಿಯಲ್ಲೇ ಆ ಶಿಕ್ಷಕಿ ಹಿಂದಿನ ದಿನ ಕಲಿತ ಲೆಕ್ಕವನ್ನು ಹಾಕಿ ನೋಡಿದರು. ಶೇ 2 ಕೂಡ ದಾಟಲಿಲ್ಲ.

ಮೊದಲ ದಿನಕ್ಕಷ್ಟೇ ಸೇರುವ ಸೌಲಭ್ಯವಿಲ್ಲ. ಹೋಗುವವರು ತಾವು ನೋಡಿಟ್ಟ ಮನೆಯ ಬೆಲೆ, ಆ ಬೀದಿಯಲ್ಲಿ ನಡೆಯುತ್ತಿರುವ ಬಾಡಿಗೆ, ಮೇಂಟೆನೆನ್ಸ್ ರಸೀದಿ ಇವನ್ನು ಕೈಯಲ್ಲಿ ಹಿಡಿದೇ ಹೋಗಲಿ. ಕಾಫಿ ವಿರಾಮದಲ್ಲಿ ಕೇಳಿದರೆ ಬೋಧಕರು ಅದೇ ಹಲಗೆಯ ಮೇಲೆ ಬೇಸರಿಸದೆ ಲೆಕ್ಕ ಮಾಡಿಕೊಡುತ್ತಾರೆ.